ಗದುಗಿನ ನರ್ಸಕ್ಕ

ವಿಚಿತ್ರ ಅನುಭವ ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಅವರ ಕತೆಯಲ್ಲಿ ಗಾಳಿ ಬೀಸಿ ದೀಪ ಆರುವ ಹೊತ್ತಿಗೆ ಸರಿಯಾಗಿ ನಾನು ಚಹಾ ಇಡುತ್ತೇನೆಂದು ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ. ನೀವೂ ಏಳುವುದಾದರೆ ಏಳಿ, ನನಗೇನೂ ಬೇಸರವಿಲ್ಲ. ಆದರೆ ನನ್ನ ಕತೆಯಲ್ಲಿ ದೀಪ ಆರುವುದಿಲ್ಲ. ನಡೆದದ್ದೆಲ್ಲ ಹಾಡಹಗಲಿನಲ್ಲಿ, ಬಿಸಿಲಲ್ಲಿ, ನಾಲ್ಕು ಜನರ ಎದುರಿಗೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಪತ್ರಿಕೆಗಳಿಗೆ ಮಕ್ಕಳ ಕತೆ ಬರೆಯುವವಳು. ಇಲ್ಲದವರನ್ನು ಇದ್ದಾರೆಂದು ಹೇಳುವುದೇ ನನ್ನ ಕಸುಬು. ಹುಟ್ಟಿದ ಮನುಷ್ಯರು ಯಾರು, ಹುಟ್ಟಿಸಿದ ಮನುಷ್ಯರು ಯಾರು ಎಂಬುದು ನನಗೆ ಚೆನ್ನಾಗಿ ಗೊತ್ತು ಎಂಬ ಜಂಬದಲ್ಲಿದ್ದೆ.

ಇದರ ಮೂಲ ನನ್ನ ಗೆಳತಿ ಕೊಟ್ರಮ್ಮ. ಕೊಟ್ಟೂರಿನವಳು, ನನ್ನ ವಾರಿಗೆಯವಳೇ, ನಲವತ್ತೇಳು ದಾಟಿದವಳು. ಅವಳು ಹಪ್ಪಳದ ವ್ಯಾಪಾರ ಮಾಡಿ ಬಿಟ್ಟಳು, ಸೀರೆ ಮಾರಿ ಬಿಟ್ಟಳು, ಬ್ಯೂಟಿ ಪಾರ್ಲರ್ ಇಟ್ಟು ಮೂರು ತಿಂಗಳು ತನ್ನ ಹುಬ್ಬನ್ನೇ ತಾನು ತೀಡಿಕೊಂಡು ಅದನ್ನೂ ಮುಚ್ಚಿದಳು. ನಾಲ್ಕನೆಯದಾಗಿ ಒಂದು ದಿನ ಫೋನಿನಲ್ಲಿ ನೋಡಿದಳಂತೆ: ಹುಡುಗ ಹುಡುಗಿಯರು ಬೆನ್ನಿಗೊಂದು ಚೀಲ ಹಾಕಿಕೊಂಡು ದೇಶ ಸುತ್ತುತ್ತಾರೆ, ಲಾಡ್ಜಿಗೆ ಹೋಗುವುದಿಲ್ಲ, ಒಂದೇ ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚ ಹಾಕಿದ ಅಗ್ಗದ ಹಾಸ್ಟೆಲ್ಲಿನಲ್ಲಿ ಮಲಗುತ್ತಾರೆ. ಹಂಪಿಗೆ ಬರುವವರು ನಮ್ಮ ಕಡೆ ಯಾಕೆ ಬರಬಾರದು ಎಂಬುದು ಅವಳ ಪ್ರಶ್ನೆ. ಗುಡ್ಡ ಇದೆ, ಹೊಳೆ ಇದೆ, ಕೆರೆಯ ತುಂಬ ಹಕ್ಕಿ ಇವೆ, ಅಂಬಳಿ, ಬಾಗಳಿ, ಕುರುವತ್ತಿಯ ಗುಡಿಗಳಿವೆ, ಮಲಗಲು ಮಂಚ ಒಂದಿಲ್ಲ, ಅಷ್ಟೇ.

ಕೊಟ್ಟೂರಿನ ತನ್ನ ಮನೆಯ ಮಾಳಿಗೆಯಲ್ಲಿ ಒಂದು ಹಾಸ್ಟೆಲ್ ಮಾಡಿದಳು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹಲವಾಗಲುಗಳಲ್ಲಿ ನೆಂಟರನ್ನೂ ಪರಿಚಯದವರನ್ನೂ ಕಾಡಿ ಬೇಡಿ ಒಂದೊಂದು ಖಾಲಿ ಕೋಣೆ ಹಿಡಿದಳು. ಮಂಚಗಳನ್ನು ಮಾಡಿದವನು ಟ್ರ್ಯಾಕ್ಟರ್ ಟ್ರೇಲರ್ ಮಾಡುವ ವೆಲ್ಡರ್. ಹೀಗಾಗಿ ಒಂದೊಂದು ಮಂಚಕ್ಕೂ ಎರಡು ಲೋಡು ಮರಳು ಹೊರುವ ತಾಕತ್ತು, ಪಕ್ಕದಲ್ಲಿ ಹಗ್ಗ ಬಿಗಿಯಲು ಕೊಂಡಿ ಬೇರೆ. ಪ್ರತಿ ಕೋಣೆಯಲ್ಲೂ ಒಂದು ಉದ್ದನೆಯ ಪುಸ್ತಕ ಇಟ್ಟಳು. ಹೆಸರು, ಊರು, ಬಂದ ದಿನ, ಹೋದ ದಿನ, ಅಭಿಪ್ರಾಯ ಎಂದು ಸ್ಕೇಲು ಹಿಡಿದು ಗೆರೆ ಎಳೆದವಳು ನಾನೇ.

ಐದು ತಿಂಗಳಾದರೂ ಆ ಗೆರೆಗಳ ನಡುವೆ ಒಂದಕ್ಷರ ಬೀಳಲಿಲ್ಲ. ಹಾಸ್ಟೆಲ್ ಎಂಬ ಬೋರ್ಡು ನೋಡಿ ಇಬ್ಬರು ತಂದೆಯರು ಮಕ್ಕಳ ಟಿ.ಸಿ. ಹಿಡಿದುಕೊಂಡು ಅಡ್ಮಿಷನ್ ಕೇಳಲು ಬಂದದ್ದೇ ಬಂದದ್ದು. ಅಷ್ಟರಲ್ಲಿ ಮೆಕ್ಕೆಜೋಳ ತೆನೆ ಕಟ್ಟಿತ್ತು. ಕೋಣೆ ಕೊಟ್ಟವರೆಲ್ಲ ಒಬ್ಬೊಬ್ಬರಾಗಿ ಫೋನ್ ಮಾಡಿ, ಜನ ಬರದಿದ್ದರೆ ಮಾಲು ಬಂದಾಗ ಚೀಲ ಹಾಕಿಕೊಳ್ಳುತ್ತೇವೆ ಎಂದು ಮೆತ್ತಗೆ ಹೇಳತೊಡಗಿದರು. ಅವರದೂ ತಪ್ಪಲ್ಲ ಬಿಡಿ. ಕೊಟ್ರಮ್ಮ ಕೊನೆಯ ಪ್ರಯತ್ನವೆಂದು ಸ್ಕೂಟಿ ತೆಗೆದಳು. ನಾವಿಬ್ಬರೇ ಚೀಲ ಬೆನ್ನಿಗೇರಿಸಿ ಐದು ಕಡೆ ಒಂದೊಂದು ರಾತ್ರಿ ಮಲಗಿ ಎದ್ದು, ವಿಡಿಯೋ ಮಾಡಿ ಹಾಕೋಣ ಎಂದಳು. ಹರಪನಹಳ್ಳಿಯಿಂದ ಬಸ್ಸು ಹಿಡಿದು ಬಂದು ನಾನು ಅವಳ ಹಿಂದೆ ಕೂತೆ. ಹೊರಡುವಾಗ ಅವಳು ಹಿಂದೆ ತಿರುಗದೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ಇದೂ ಆಗಲಿಲ್ಲಂದ್ರ ನಾ ಇನ್ನ ಯಾವುದಕ್ಕೂ ಕೈ ಹಾಕಂಗಿಲ್ಲಲೇ. ಮನ್ಯಾಗ ಕುಂತು ಟಿ.ವಿ. ನೋಡ್ಕೋಂತ ಮುದುಕಿ ಆಗಿಬಿಡ್ತೀನಿ."

ಮೊದಲ ರಾತ್ರಿ ಕೂಡ್ಲಿಗಿ. ಅಲ್ಲಿನ ಕೋಣೆ ಅವಳ ಸೋದರತ್ತೆ ಗೌರಮ್ಮನದು. ಗೌರಮ್ಮನಿಗೆ ಅಡುಗೆಯ ಬಗ್ಗೆ ವಿಪರೀತ ಅಭಿಮಾನ. ಊಟಕ್ಕೆ ಕೂತವರ ಮುಖ ನೋಡುತ್ತಲೇ ನಿಲ್ಲುವ ಹೆಂಗಸು. ಹೊಟ್ಟೆ ಬಿರಿಯುವಷ್ಟು ಬಡಿಸಿದರು. ಆಮೇಲೆ ಕೋಣೆಗೆ ಹೋದ ಕೊಟ್ರಮ್ಮ ಖಾಲಿ ಪುಸ್ತಕದ ಹಾಳೆ ತಿರುವುತ್ತ ಕೂತಳು, ಮುಂದಿನ ಹಾಳೆಯಲ್ಲಿ ಯಾರಾದರೂ ಇದ್ದಾರೇನೋ ಎಂಬ ಹಾಗೆ. ನನಗೆ ನೋಡಲಾಗಲಿಲ್ಲ. ಅವಳು ನಿದ್ದೆ ಹೋದ ಮೇಲೆ ನಾನು ಎಡಗೈಯಲ್ಲಿ ಪೆನ್ನು ಹಿಡಿದು ಬರೆದೆ: ವನಮಾಲಾ, ನಿವೃತ್ತ ನರ್ಸ್, ಗದಗ. ಹದಿನೈದು ದಿನ ಹಿಂದಿನ ತಾರೀಕು ಹಾಕಿದೆ. ಅಭಿಪ್ರಾಯದ ಜಾಗದಲ್ಲಿ, "ಮಂಚ ಗಟ್ಟಿ. ಮನೆಯವರು ಒಳ್ಳೆಯವರು. ಶೇಂಗಾ ಚಟ್ನಿಗೆ ಮಾತ್ರ ಉಪ್ಪು ಮುಂದು" ಎಂದೆ. ಬರೀ ಹೊಗಳಿದರೆ ಸುಳ್ಳು ಎಂದು ಗೊತ್ತಾಗುತ್ತದೆ, ಒಂದು ಸಣ್ಣ ದೂರು ಇರಬೇಕು. ಇದು ನನ್ನ ಕಸುಬಿನ ಜಾಣತನ.

ಬರೆಯುವಾಗ ಆಕೆ ನನ್ನ ಕಣ್ಣಿಗೆ ಕಟ್ಟಿದ್ದಳು, ಅದು ನನ್ನ ಅಭ್ಯಾಸ. ಒಬ್ಬಳೇ ಸ್ಕೂಟರಿನಲ್ಲಿ ತಿರುಗುವವಳು, ಎಡಗಾಲಿನ ಚಪ್ಪಲಿಯ ಉಂಗುಟ ಕಿತ್ತು ಅದಕ್ಕೆ ಪಿನ್ನು ಚುಚ್ಚಿಕೊಂಡವಳು, ಸಕ್ಕರೆ ಹಾಕದ ಚಹಾವನ್ನು ದವಡೆಯಲ್ಲಿ ಬೆಲ್ಲ ಇಟ್ಟುಕೊಂಡು ಕುಡಿಯುವವಳು. ಇದ್ಯಾವುದನ್ನೂ ನಾನು ಬರೆಯಲಿಲ್ಲ, ಯಾರಿಗೂ ಹೇಳಲೂ ಇಲ್ಲ. ದಯವಿಟ್ಟು ಇದನ್ನು ನೆನಪಿಡಿ.

ಬೆಳಿಗ್ಗೆ ಪುಸ್ತಕ ನೋಡಿದ ಕೊಟ್ರಮ್ಮನ ಸಂಭ್ರಮ ಏನು ಹೇಳಲಿ! ರಾತ್ರಿ ಕತ್ತಲಲ್ಲಿ ಕಾಣಲಿಲ್ಲವೆಂದು ತನ್ನ ಕನ್ನಡಕವನ್ನೇ ಬೈದುಕೊಂಡಳು. ಪುಸ್ತಕ ಎತ್ತಿಕೊಂಡು ಅಡುಗೆಮನೆಗೆ ಓಡಿ, ಗಿರಾಕಿ ಬಂದಿದ್ದನ್ನು ನನಗ್ಯಾಕೆ ಹೇಳಲಿಲ್ಲ ಎಂದು ಅತ್ತೆಯನ್ನು ಕೇಳಿದಳು. ಬರದವರು ಬಂದರೆಂದು ಮನೆಯವರು ಹೇಗೆ ಒಪ್ಪುತ್ತಾರೆ ಎಂಬ ಯೋಚನೆಯನ್ನೇ ನಾನು ಮಾಡಿರಲಿಲ್ಲ. ಗೌರಮ್ಮ ಸೆರಗು ಸರಿಮಾಡಿಕೊಂಡು, "ಹೂನವ್ವ, ಬಂದಿದ್ರು. ಹೇಳಾದು ಮರ್ತಿದ್ದೆ" ಎಂದರು.

ನನಗೆ ನಗು ತಡೆಯಲಾಗಲಿಲ್ಲ, ಹಿತ್ತಲಿಗೆ ಹೋಗಿ ನಕ್ಕು ಬಂದೆ. ನಮ್ಮ ಕಡೆಯವರನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಮನೆಗೆ ಬಂದು ಮಲಗಿ ಹೋದವರನ್ನು ನಾನು ನೋಡೇ ಇಲ್ಲ, ಮಾತಾಡಿಸಿಲ್ಲ, ಊಟಕ್ಕಿಕ್ಕಿಲ್ಲ ಎಂದು ಯಾವ ಗೃಹಿಣಿ ಒಪ್ಪಿಕೊಂಡಾಳು? ಅದಕ್ಕಿಂತ ಸುಳ್ಳೇ ಮೇಲು. ಆದರೆ ಅಭಿಪ್ರಾಯ ಓದಿ ಹೇಳಿದಾಗ ಗೌರಮ್ಮನ ಮುಖ ಸಣ್ಣದಾಯಿತು. ನಲವತ್ತು ವರ್ಷದಿಂದ ಚಟ್ನಿ ಕುಟ್ಟುತ್ತಿದ್ದೇನೆ, ಉಪ್ಪು ಮುಂದು ಎಂದವರು ಯಾರೂ ಇಲ್ಲ ಎಂದು ಮೆಲ್ಲಗೆ ಹೇಳಿ ಒಳಗೆ ಹೋದರು. ನಾವು ಹೊರಡುವಾಗ ಬುತ್ತಿ ಕಟ್ಟಿಕೊಟ್ಟರು, ಅದರಲ್ಲಿ ಚಟ್ನಿ ಇರಲಿಲ್ಲ. ನನಗೆ ಸ್ವಲ್ಪ ಚುಚ್ಚಿತು. ಸ್ವಲ್ಪವೇ.

ದಾರಿಯಲ್ಲಿ ಕೊಟ್ಟೂರಿನಲ್ಲಿ ಇಳಿದು ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಅಷ್ಟರಲ್ಲಿ ಕೊಟ್ರಮ್ಮ ಉಳಿದ ಮೂರೂ ಕಡೆಗೆ ಫೋನ್ ಮಾಡಿ, ಗದುಗಿನ ನರ್ಸಕ್ಕ ನಿಮ್ಮಲ್ಲಿಗೂ ಬಂದಿದ್ದಳೇ ಎಂದು ವಿಚಾರಿಸಿಯಾಗಿತ್ತು. ಮೂರೂ ಕಡೆಯಿಂದ ಬಂದಿದ್ದಳು ಎಂದೇ ಉತ್ತರ. ಅವಳ ಹಿಂದೆ ಕೂತ ನನಗೆ ನಗುವೋ ನಗು. ರಸ್ತೆಯ ಎರಡೂ ಕಡೆ ಸೂರ್ಯಕಾಂತಿ ಅರಳಿ ನಿಂತಿತ್ತು, ಗಾಳಿ ತಣ್ಣಗಿತ್ತು, ನನ್ನ ಸುಳ್ಳು ನನಗಿಂತ ಮುಂದೆ ಹೋಗಿ ಎಲ್ಲ ಊರಲ್ಲೂ ಮಲಗಿ ಎದ್ದಿತ್ತು.

ಹಗರಿಬೊಮ್ಮನಹಳ್ಳಿಯ ಆಚೆ, ಹಕ್ಕಿಗಳ ಕೆರೆಗೆ ಹೋಗುವ ದಾರಿಯಲ್ಲಿ ಹನುಮಂತಪ್ಪನ ಮನೆ. ಕುರಿ ಸಾಕುವ ಮನುಷ್ಯ, ಮಾತು ಕಡಿಮೆ. ಅವನ ಪುಸ್ತಕ ಖಾಲಿಯಿತ್ತು. ನರ್ಸಕ್ಕ ಬರೆಯಬೇಕೆಂದು ಪೆನ್ನು ಕೇಳಿದಳಂತೆ, ಮನೆಯಲ್ಲಿ ಪೆನ್ನೇ ಇರಲಿಲ್ಲವಂತೆ. ಕೊಟ್ರಮ್ಮ ಅವನನ್ನು ಬೈದು, ತನ್ನ ಪೆನ್ನನ್ನು ಪುಸ್ತಕಕ್ಕೆ ದಾರದಿಂದ ಕಟ್ಟಿದಳು. ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾನಪ್ಪ ಎಂದು ನಾನು ಮೆಚ್ಚಿಕೊಳ್ಳುತ್ತಿದ್ದೆ. ಆಗ ಅವನು ಹಟ್ಟಿಯಿಂದ ಒಂದು ಮರಿ ಎತ್ತಿಕೊಂಡು ಬಂದ. ಅದರ ಮುಂಗಾಲಿಗೆ ಬಿಳಿ ಬಟ್ಟೆಯ ಪಟ್ಟಿ, ಆಸ್ಪತ್ರೆಯಲ್ಲಿ ಕಟ್ಟುವಂತೆ ಒಂದರ ಮೇಲೊಂದು ಓರೆಯಾಗಿ ಸುತ್ತಿ ಅಂಚು ಒಳಗೆ ಸೇರಿಸಿದ್ದು.

"ಅವ್ರ ಕಟ್ಯಾರ ನೋಡ್ರಿ. ಚಲೋ ಮನಷ್ಯಾರು. ಎಡಗಾಲ ಚಪ್ಲಿಗೆ ಪಿನ್ನ ಹಾಕ್ಕೊಂಡು ತಿರುಗ್ತಾರ ಪಾಪ, ಹೊಲಿಸಿಕೊಡ್ತೀನಿ ಅಂದ್ರ ಬ್ಯಾಡಂದ್ರು."

ನಾನು ಮರಿಯ ಕಾಲನ್ನು ಬಹಳ ಹೊತ್ತು ನೋಡುತ್ತ ನಿಂತೆ. ರಾಜ್ಯದ ಅರ್ಧ ಹೆಂಗಸರ ಚಪ್ಪಲಿಯಲ್ಲಿ ಪಿನ್ನು ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಕೊಟ್ರಮ್ಮನ ಚಪ್ಪಲಿಯಲ್ಲೂ ಇತ್ತು, ಬಲಗಾಲಿನದರಲ್ಲಿ. ಆ ರಾತ್ರಿ ಕುರಿಗಳು ಕೆಮ್ಮಿದ್ದಕ್ಕೆಲ್ಲ ಎಚ್ಚರವಾಯಿತು.

ಹಡಗಲಿಯಲ್ಲಿ ಕೊಟ್ರಮ್ಮನ ಶಾಲೆಯ ಗೆಳತಿ ಶಾಂತವ್ವನ ಮನೆ, ಮನೆಯ ಹಿಂದೆಯೇ ಮಲ್ಲಿಗೆ ತೋಟ. ಹೂವಿನ ಕಾಲ ಮುಗಿಯುತ್ತ ಬಂದಿದ್ದರೂ ವಾಸನೆಗೆ ಬರವಿರಲಿಲ್ಲ. ಹೋದವಳೇ ನಾನು ಪುಸ್ತಕ ತೆಗೆದೆ. ಅದರಲ್ಲಿ ವನಮಾಲಾ ಇದ್ದಳು. ಬಲಕ್ಕೆ ವಾಲಿದ ದುಂಡು ಅಕ್ಷರ, ನೀಲಿ ಶಾಯಿ, ಎರಡು ದಿನ ಹಿಂದಿನ ತಾರೀಕು. "ನಸುಕಿನಲ್ಲಿ ಮೊಗ್ಗು ಬಿಡಿಸಲು ಹೋಗಿದ್ದೆ. ನಾನು ಬಿಡಿಸಿದ್ದರಲ್ಲಿ ಅರ್ಧದಷ್ಟು ಬಲಿಯದ ಕಾಯಿಮೊಗ್ಗು ಎಂದು ಬೈಸಿಕೊಂಡೆ. ಸಂತೋಷವಾಯಿತು."

ಓಹೋ, ಇದು ಕೊಟ್ರಮ್ಮನ ಕೆಲಸ ಎಂದುಕೊಂಡೆ. ನನ್ನ ಕಿತಾಪತಿ ಅವಳಿಗೆ ಗೊತ್ತಾಗಿದೆ, ನನ್ನ ಮೇಲೆ ತಿರುಗಿಸಿದ್ದಾಳೆ, ಶಾಂತವ್ವನ ಕೈಲಿ ಬರೆಸಿದ್ದಾಳೆ. ಆದರೆ ಕೇಳುವುದು ಹೇಗೆ? ಕೇಳಿದರೆ ನನ್ನದನ್ನು ಒಪ್ಪಿಕೊಳ್ಳಬೇಕು. ಸಂತೆ ಚೀಟಿ ಬರೆಸಿಕೊಳ್ಳುವ ನೆಪದಲ್ಲಿ ಶಾಂತವ್ವನ ಅಕ್ಷರ ನೋಡಿದೆ, ಹೋಲಲಿಲ್ಲ. ಕೊಟ್ರಮ್ಮನ ಅಕ್ಷರವಂತೂ ನನಗೆ ಗೊತ್ತು, ಅದನ್ನು ಅವಳೇ ಮರುದಿನ ಓದಲಾರಳು. ಕೊನೆಗೆ, ನರ್ಸಕ್ಕ ಚಹಾ ಕುಡಿಯುತ್ತಾಳೋ ಇಲ್ಲವೋ ಎಂದು ಸುಮ್ಮನೆ ಕೇಳಿದವಳ ಹಾಗೆ ಕೇಳಿದೆ.

"ಕುಡೀತಾರ, ಸಕ್ರಿ ಇಲ್ದಂಗ" ಎಂದಳು ಶಾಂತವ್ವ. "ದವಡ್ಯಾಗ ಒಂದು ಬೆಲ್ಲದ ಚೂರು ಇಟ್ಕೊಂಡು. ನಮ್ಮವ್ವನೂ ಹಂಗ ಕುಡೀತಿದ್ಲು."

ಆವತ್ತು ನಾನು ಊಟ ಸರಿಯಾಗಿ ಮಾಡಲಿಲ್ಲ. ಮರುದಿನ ಹರಪನಹಳ್ಳಿಗೆ ಬಂದಾಗ ನಮ್ಮ ಮನೆ ಕೂಗಳತೆಯಲ್ಲಿತ್ತು, ತಲೆನೋವೆಂದು ಹೇಳಿ ಇಳಿದುಬಿಡಬಹುದಿತ್ತು. ಇಳಿಯಲಿಲ್ಲ. ಒಂದು ಕಡೆ ಹೆದರಿಕೆ, ಇನ್ನೊಂದು ಕಡೆ ಆಕೆಯನ್ನು ಕಣ್ಣಾರೆ ನೋಡಿಬಿಡಬೇಕೆಂಬ ಆಸೆ. ಗುಡ್ಡದ ಮೇಲೆ ಗಾಳಿಯಂತ್ರಗಳು ತಮ್ಮಷ್ಟಕ್ಕೆ ತಿರುಗುತ್ತಿದ್ದವು. ಕೊಟ್ರಮ್ಮ ಗಾಡಿ ಓಡಿಸುತ್ತ ಹಾಡಿಕೊಳ್ಳುತ್ತಿದ್ದಳು. ಪಾರ್ಲರ್ ಮುಚ್ಚಿದ ಮೇಲೆ ಅವಳು ಹಾಡಿದ್ದನ್ನು ನಾನು ಕೇಳಿರಲಿಲ್ಲ.

ಹಲವಾಗಲಿನಲ್ಲಿ ಅವಳ ದೊಡ್ಡಪ್ಪನ ಮಗ ಚನ್ನಬಸಪ್ಪನ ಹಿಟ್ಟಿನ ಗಿರಣಿ. ಕೋಣೆ ಗಿರಣಿಯ ಮೇಲೆ, ಕಿಟಕಿ ತೆರೆದರೆ ತುಂಗಭದ್ರೆ ತುಂಬಿ ಹರಿಯುವುದು ಕಾಣುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ತಲುಪಿದೆವು. ಮೈತುಂಬ ಹಿಟ್ಟು ಮೆತ್ತಿಕೊಂಡಿದ್ದ ಚನ್ನಬಸಪ್ಪ, ನರ್ಸಕ್ಕ ಈಗಷ್ಟೇ ಹೋದಳು, ಒಂದು ಗಂಟೆ ಮೊದಲು ಬಂದಿದ್ದರೆ ಸಿಗುತ್ತಿದ್ದಳು ಎಂದು ಪೇಚಾಡಿದ. ಮೇಲೆ ಹೋಗಿ ಪುಸ್ತಕ ತೆರೆದೆ. ಅದೇ ವಾಲಿದ ಅಕ್ಷರ, ಅವತ್ತಿನದೇ ತಾರೀಕು.

"ಹೊಳೆ ಚೆಂದ. ರೊಟ್ಟಿ ಮೆತ್ತಗಿದ್ದವು. ಕೂಡ್ಲಿಗಿಯಲ್ಲಿ ಚಟ್ನಿಗೆ ಉಪ್ಪು ಮುಂದು ಎಂದು ನಾನು ಹೇಳಿಲ್ಲ. ನಾನು ಆಡದ ಮಾತನ್ನು ನನ್ನ ಹೆಸರಿನಲ್ಲಿ ಬರೆದದ್ದು ಸರಿಯಲ್ಲ. ಆ ತಾಯಿ ನೊಂದಿದ್ದಾರೆ. ಬರೆದವರು ಹೋಗಿ ಹೇಳಬೇಕು."

ನನ್ನ ಭುಜದ ಮೇಲಿಂದ ಓದಿದ ಕೊಟ್ರಮ್ಮ, ಯಾರವ್ವ ಹಂಗ ಬರೆದವರು ಎಂದು ಕೇಳಿದಳು. ನಾನು ಮಂಚದ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ: ಎಡಗೈ, ಹಿಂದಿನ ತಾರೀಕು, ಗದಗ, ಉಪ್ಪು. ವನಮಾಲಾ ಎಂಬ ಹೆಂಗಸು ಇಲ್ಲವೇ ಇಲ್ಲ, ನಾನು ಹುಟ್ಟಿಸಿದ್ದು ಎಂದೆ. ಕೆಳಗೆ ಗಿರಣಿ ನಿಂತಿತು. ಕೊಟ್ರಮ್ಮ ಕಿಟಕಿಯ ಕಡೆ ತಿರುಗಿ ನಿಂತಳು. ಅವಳ ಭುಜ ಇಳಿದದ್ದು ನನಗೆ ಕಂಡಿತು, ನಾಚಿಕೆಯಿಂದ ಸತ್ತುಹೋಗಬೇಕೆನಿಸಿತು.

"ಅಂದ್ರ ಯಾರೂ ಬಂದಿಲ್ಲ" ಎಂದಳು. "ನಾ ಅಷ್ಟು ಪಾಪದಾಕಿ ಅನಿಸಿದ್ನೇನಲೇ ನಿನಗ?"

ಅಷ್ಟರಲ್ಲಿ ಚನ್ನಬಸಪ್ಪ ಮೇಲೆ ಬಂದ. ನಮ್ಮ ಮಾತು ಅರ್ಧ ಕೇಳಿಸಿಕೊಂಡಿದ್ದನೆಂದು ಕಾಣುತ್ತದೆ, ಅವನಿಗೆ ಸಿಟ್ಟೇ ಬಂದಿತ್ತು. ಬಂದವರನ್ನು ಬಂದಿಲ್ಲ ಎಂದರೆ ಏನರ್ಥ, ನಾನೇನು ಹಿಟ್ಟಿನ ಜೊತೆ ಮಾತಾಡಿದೆನೇ, ಎರಡು ರೊಟ್ಟಿ ತಿಂದರು, ಸ್ಕೂಟರಿಗೆ ಗಾಳಿ ಕಮ್ಮಿಯಿದೆ ಎಂದರು, ನಾನೇ ಪಂಪು ಹೊಡೆದು ಕಳಿಸಿದೆ ಎಂದ. ನಮ್ಮನ್ನು ಕೆಳಗೆ ಕರೆದುಕೊಂಡು ಹೋಗಿ ಬಚ್ಚಲ ಹತ್ತಿರ ತೋರಿಸಿದ. ಒಂದು ತಟ್ಟೆ, ಒಂದು ಲೋಟ. ಲೋಟದ ತಳದಲ್ಲಿ ಚಹಾದ ಕರೆ. ಗಿರಣಿಯ ಮುಂದೆ ಹಿಟ್ಟು ಬಿದ್ದು ಬೆಳ್ಳಗಾದ ನೆಲದ ಮೇಲೆ ಸ್ಕೂಟರಿನ ಗಾಲಿಯ ಗೆರೆ ಹೊಳೆಯ ದಾರಿಗೆ ಹೋಗಿತ್ತು.

ಕೊಟ್ರಮ್ಮ ಆ ಗೆರೆಯನ್ನು ನೋಡಿದಳು, ತಟ್ಟೆಯನ್ನು ನೋಡಿದಳು. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನನ್ನ ಕಡೆ ತಿರುಗಿದಳು.

"ನೀ ಹುಟ್ಟಿಸಿದ್ದಲ್ಲ ಅವ್ರನ್ನ. ಅವ್ರು ನನ್ನ ಗಿರಾಕಿ. ನಡಿ, ಕೂಡ್ಲಿಗಿಗೆ ಹೋಗಿ ನಮ್ಮತ್ತಿ ಕಾಲಿಗೆ ಬೀಳು."

ಕಾಲಿಗೇನೂ ಬೀಳಲಿಲ್ಲ, ಆದರೆ ಮರುದಿನವೇ ಹೋಗಿ ತಪ್ಪೊಪ್ಪಿಕೊಂಡೆ. ನಾವು ಹೋದ ಮೇಲೆ ಗೌರಮ್ಮ ಇದ್ದ ಚಟ್ನಿಯನ್ನೆಲ್ಲ ಎಮ್ಮೆಗೆ ಹಾಕಿದ್ದರಂತೆ, ಮನೆಯ ಅಡುಗೆಗೆಲ್ಲ ಉಪ್ಪು ಕಡಿಮೆ ಮಾಡಿ ಗಂಡನಿಂದ ಬೈಸಿಕೊಳ್ಳುತ್ತಿದ್ದರಂತೆ. ಬರೆದವಳು ನಾನು ಎಂದಾಗ ಅವರ ಮುಖ ಅರಳಿತು. ನನ್ನ ಮಾತಿಗೆ ಬೆಲೆಯಿಲ್ಲವೆಂದು ಸಮಾಧಾನವಾಯಿತೋ ಏನೋ. ಆಕೆ ಬರಲೇ ಇಲ್ಲವಲ್ಲ ಎಂದರೆ, ಬಂದಿದ್ದರು, ನಾನೇ ಬಡಿಸಿದ್ದೇನೆ ಎಂದು ಅವರದು ಅದೇ ಹಟ. ಹೊಸದಾಗಿ ಚಟ್ನಿ ಕುಟ್ಟಿ ಸ್ಟೀಲಿನ ಡಬ್ಬಿಯಲ್ಲಿ ತುಂಬಿ, ನರ್ಸಕ್ಕ ಸಿಕ್ಕರೆ ಕೊಡಿ ಎಂದು ಕೊಟ್ಟರು. ಕೊಟ್ರಮ್ಮ ಅದನ್ನು ಕೊಟ್ಟೂರಿನ ತನ್ನ ಮಾಳಿಗೆಯ ಕೋಣೆಯಲ್ಲಿ ಗೂಡಿನಲ್ಲಿಟ್ಟಳು. ದಾರಿಯಲ್ಲಿ ನಾನು ಕದ್ದು ಚಿಟಿಕೆ ತಿಂದು ನೋಡಿದ್ದೆ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಗದಗಿನಲ್ಲಿರುವ ಅಣ್ಣನ ಹೆಂಡತಿಗೆ ಹೇಳಿ ವಿಚಾರಿಸಿದೆ. ವನಮಾಲಾ ಎಂಬ ನಿವೃತ್ತ ನರ್ಸು ಇಬ್ಬರು ಸಿಕ್ಕರು. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರು ಮಗಳ ಬಾಣಂತನಕ್ಕೆ ಹೋದವರು ತಿರುಗಿ ಬಂದಿರಲಿಲ್ಲ. ಇಬ್ಬರಿಗೂ ಸ್ಕೂಟರ್ ಬರುವುದಿಲ್ಲ. ನಾಲ್ಕು ಮನೆಯವರೂ ಸೇರಿ ನನ್ನನ್ನು ಆಟ ಆಡಿಸಿದರು ಎನ್ನೋಣವೆಂದರೆ ಚಪ್ಪಲಿಯ ಪಿನ್ನು, ದವಡೆಯ ಬೆಲ್ಲ ಅವರಿಗೆ ಹೇಗೆ ಗೊತ್ತು? ಈ ಜಾಗಕ್ಕೆ ಬಂದು ನನ್ನ ಬುದ್ಧಿ ಇವತ್ತಿಗೂ ನಿಂತುಬಿಡುತ್ತದೆ.

ಮೆಕ್ಕೆಜೋಳ ಬಂತು. ನಾಲ್ವರಲ್ಲಿ ಒಬ್ಬರೂ ಕೋಣೆಗೆ ಚೀಲ ಹಾಕಲಿಲ್ಲ. ಅಂಗಳದಲ್ಲಿ ಒಟ್ಟಿ ತಾಡಪಾಲು ಹೊದಿಸಿದರು. ನರ್ಸಕ್ಕ ಬಂದರೆ ಎಲ್ಲಿ ಮಲಗಿಸುವುದು ಎಂಬುದು ಎಲ್ಲರದೂ ಒಂದೇ ಮಾತು. ಹಾಗೆ ಖಾಲಿ ಉಳಿದದ್ದಕ್ಕೇ ಮುಂದೆ ಸೈಕಲ್ಲಿನವರು, ಹಕ್ಕಿ ನೋಡುವವರು, ಗುಡಿ ನೋಡುವವರು ಬಂದು ಮಲಗಲು ಜಾಗ ಸಿಕ್ಕಿತು. ಭಾರಿ ವ್ಯಾಪಾರವೇನಲ್ಲ, ಆದರೆ ಕೊಟ್ರಮ್ಮ ಟಿ.ವಿ. ಮುಂದೆ ಕೂತಿಲ್ಲ.

ಸಂಕ್ರಾಂತಿ ಮುಗಿದ ವಾರ ಅವಳು ಫೋನ್ ಮಾಡಿ, ಏನೂ ಕೇಳಬೇಡ, ಬಸ್ಸು ಹತ್ತಿ ಬಾ ಎಂದಳು. ಹೋದೆ. ಮಾಳಿಗೆಯ ಕೋಣೆಯಲ್ಲಿ ಹಿಂದಿನ ದಿನ ದಾವಣಗೆರೆಯ ಆರು ಹುಡುಗರು ಇದ್ದು ಹೋಗಿದ್ದರು, ಅವರ ಬಾಳೆಹಣ್ಣಿನ ಸಿಪ್ಪೆ ಮಂಚದ ಕೆಳಗೆ ಹಾಗೇ ಇತ್ತು. ಗೂಡಿನಲ್ಲಿ ಗೌರಮ್ಮನ ಡಬ್ಬಿ ತೊಳೆದು ಒರೆಸಿ ಮುಚ್ಚಿಟ್ಟದ್ದು. ಮುಚ್ಚಳ ತೆಗೆದರೆ ಒಳಗೆ ಒಂದು ಬೆಲ್ಲದ ಉಂಡೆ. ನಮ್ಮ ಕಡೆ ಯಾರೂ ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವುದಿಲ್ಲ, ಸಕ್ಕರೆಯನ್ನೋ ಬೆಲ್ಲವನ್ನೋ ಹಾಕಿಯೇ ಕೊಡುತ್ತಾರೆ. ಸಿಪ್ಪೆ ಎತ್ತದ ಹುಡುಗರು ಡಬ್ಬಿ ತೊಳೆದರೆಂದು ನೀವು ನಂಬುವುದಾದರೆ ನಂಬಿ.

ಕೊಟ್ರಮ್ಮ ಪುಸ್ತಕವನ್ನು ನನ್ನ ಮುಂದೆ ಸರಿಸಿದಳು. ಹುಡುಗರ ಆರು ಹೆಸರುಗಳ ಕೆಳಗೆ ಬಲಕ್ಕೆ ವಾಲಿದ ದುಂಡು ಅಕ್ಷರದಲ್ಲಿ ಎರಡೇ ಸಾಲು ಇತ್ತು.

"ಚಟ್ನಿ ಮುಟ್ಟಿತು. ಉಪ್ಪು ನಿಜಕ್ಕೂ ಸ್ವಲ್ಪ ಮುಂದು. ಆ ತಾಯಿಗೆ ಹೇಳಬೇಡಿ."

ದಾರಿಯಲ್ಲಿ ಚಿಟಿಕೆ ತಿಂದಾಗ ನನಗೂ ಹಾಗೇ ಅನಿಸಿತ್ತು. ಗೌರಮ್ಮ ಈಗಲೂ ಸಿಕ್ಕಾಗಲೆಲ್ಲ, ನರ್ಸಕ್ಕ ಏನಂದ್ರು ಎಂದು ಕೇಳುತ್ತಾರೆ. ಚೆನ್ನಾಗಿತ್ತಂತೆ ಎನ್ನುತ್ತೇವೆ. ನೀವೂ ಕೂಡ್ಲಿಗಿ ಕಡೆ ಹೋದರೆ ಹೇಳಬೇಡಿ.